ಬೆರೆಂಗೆರನ ವಿಚಾರಣೆ

"ಒಡಹುಟ್ಟಿದವನನ್ನೇ ಕೊಂದು ಗದ್ದುಗೆ ಏರಿದ ಪಾಪಿ! ತಲೆಯೆತ್ತಿ ಉತ್ತರಿಸು!"

ಸುಂದರೇಶನ ಗುಡುಗು ಹೊಸನಗರದ ಸಭಾಭವನದ ತುಂಬ ಮೊಳಗಿತು. ಎದುರು ಕೂತಿದ್ದ ಹೂವಯ್ಯ ತಲೆಯೆತ್ತಲಿಲ್ಲ.

ವೇಷವಿಲ್ಲದೆ, ಕೂತಲ್ಲೇ ಮಾತು ಹೆಣೆಯುವ ತಾಳಮದ್ದಳೆ. ಪ್ರಸಂಗ ಮಾತ್ರ ಹೊಸದು. ಒಂಬೈನೂರು ಚಿಲ್ಲರೆ ವರ್ಷಗಳ ಹಿಂದೆ ಸ್ಪೇನಿನ ಬಾರ್ಸಿಲೋನಾವನ್ನು ಆಳಿದ, ಕೌಂಟ್ ಎಂಬ ಬಿರುದಿನ ಅವಳಿ ದೊರೆಗಳ ಕಥೆ. ತಂದೆ ಇಬ್ಬರಿಗೂ ಒಂದೇ ರಾಜ್ಯ ಬಿಟ್ಟು ಸತ್ತ. ಅರಮನೆಯಲ್ಲಿ ಆರಾರು ತಿಂಗಳ ಸರದಿ. ಒಂದು ದಿನ ಕಾಡುದಾರಿಯಲ್ಲಿ ಅವರಲ್ಲೊಬ್ಬ, ರಮೋನ್, ಹೆಣವಾದ. ಉಳಿದ ಬೆರೆಂಗೆರನಿಗೆ ಸೋದರಘಾತಕನೆಂಬ ಹೆಸರು ಅಂಟಿತು. ಇದನ್ನು ಬರೆದವಳು ಇತಿಹಾಸದ ಉಪನ್ಯಾಸಕಿ ಸತ್ಯಭಾಮಾ. ಪಾತ್ರ ಹಂಚಿದವಳೂ ಅವಳೇ: ಬೆರೆಂಗೆರನಾಗಿ ಹೂವಯ್ಯ, ಅವನನ್ನು ವಿಚಾರಣೆ ಮಾಡುವವನಾಗಿ ಸುಂದರೇಶ.

ಹೂವಯ್ಯನಿಗೇ ಬೆರೆಂಗೆರ ಏಕೆಂದು ಊರು ಅರ್ಥಮಾಡಿಕೊಂಡಿತ್ತು. ನಾಲ್ಕು ವರ್ಷಗಳ ಹಿಂದೆ ಅವಳ ಗಂಡ ಗಣೇಶಮೂರ್ತಿ ಇದೇ ಹೂವಯ್ಯನ ಜತೆ ಜೇನು ಕೀಳಲು ಕಾಡಿಗೆ ಹೋಗಿ, ಬಂಡೆಯ ಕೆಳಗೆ ತಲೆಯೊಡೆದು ಸಿಕ್ಕಿದ್ದ. "ನಾನು ಬೇರೆ ಮರ ಹತ್ತಿದ್ದೆ, ನೋಡ್ಲಿಲ್ಲ" ಎಂದಿದ್ದ ಹೂವಯ್ಯ. ಕಾಲು ಜಾರಿದ್ದು ಎಂದು ಬರೆದು ಪೊಲೀಸರು ಕೈತೊಳೆದುಕೊಂಡರು. ಊರು ಬಿಡಲಿಲ್ಲ. ಅಂದಿನಿಂದ ಅವನನ್ನು ಒಂದು ಮದುವೆಗೂ ಕರೆದವರಿಲ್ಲ. ಕೊಂದವನು ಯಾರೆಂದು ನಾಲ್ಕು ಜನರ ಎದುರು ಗೊತ್ತಾಗದೆ ಸತ್ಯಭಾಮಾಳಿಗೆ ನೆಮ್ಮದಿಯಿರಲಿಲ್ಲ.

ಆ ದಿನ ತಾನು ಸಾಗರ ಪೇಟೆಯಲ್ಲಿದ್ದುದಕ್ಕೆ ಮೈದುನ ಸುಂದರೇಶ ಎಲ್ಲರೆದುರು ಹಣೆ ಚಚ್ಚಿಕೊಂಡು ಅತ್ತಿದ್ದ. ಅಣ್ಣನ ನಂತರ ದೇವಸ್ಥಾನದ ಮೊಕ್ತೇಸರನಾದವನು ಅವನೇ. ಇವತ್ತು ವೇದಿಕೆ ಹತ್ತುವ ಮುಂಚೆ ಅವಳ ಬಳಿ ಬಂದ.

"ಅತ್ತಿಗೆ, ಅವ್ನ ಬಾಯಿ ಬಿಡಿಸ್ತೀನಿ, ನೋಡ್ತಾ ಇರಿ."

"ನಿನ್ನ ಮಾತಿನ ಮೇಲೆ ನಂಗೆ ಪೂರ್ತಿ ನಂಬಿಕೆ ಇದೆ ಕಣಪ್ಪ."

ವೇದಿಕೆಯಲ್ಲಿ ಹೂವಯ್ಯ ಬೆವರೊರೆಸಿಕೊಂಡ. "ಕೊಂದದ್ದನ್ನು ಕಂಡವರುಂಟೇ?"

ಸುಂದರೇಶನಿಗೆ ರೋಷ ನೆತ್ತಿಗೇರಿತು. "ಕಂಡವರು ಬೇರೆ ಬೇಕೇನೋ? ಅಣ್ಣ ನಿಶ್ಚಿಂತನಾಗಿ ಬಂಡೆಯ ಮೇಲೆ ಕೂತಿದ್ದ. ಡಬ್ಬಿ ತೆರೆದು ಪತ್ರೊಡೆ ಬಾಯಿಗಿಡುವಷ್ಟರಲ್ಲಿ ಹಿಂದಿನಿಂದ ನೂಕಿದೆಯಲ್ಲೋ ದ್ರೋಹಿ!"

ಸಭೆ ಗೊಳ್ಳೆಂದು ನಕ್ಕಿತು. "ಬಾರ್ಸಿಲೋನಾದಲ್ಲೂ ಪತ್ರೊಡೆ ಮಾಡ್ತಾರಾ ಮಾರಾಯ್ರೆ?" ಎಂದು ಯಾರೋ ಕೂಗಿದರು. ಸುಂದರೇಶನೂ ನಗಲು ಹೋದ. ನಗು ಬರಲಿಲ್ಲ.

ಸತ್ಯಭಾಮಾಳ ಕೈಯಲ್ಲಿ ಮೊಬೈಲ್ ರೆಕಾರ್ಡ್ ಮಾಡುತ್ತಲೇ ಇತ್ತು. ಆ ಬೆಳಿಗ್ಗೆ ಗಂಡನ ಡಬ್ಬಿಗೆ ಪತ್ರೊಡೆ ತುಂಬಿದ್ದು ಅವಳು. ಡಬ್ಬಿ ಇವತ್ತಿನವರೆಗೂ ಸಿಕ್ಕಿಲ್ಲ. ಅದರಲ್ಲೇನಿತ್ತೆಂದು ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ಅವಳು ಹೂವಯ್ಯನ ಕಡೆ ನೋಡಿ ಕೈಮುಗಿದಳು.

ಪಾತ್ರ ಒಪ್ಪಿಸಲು ಅವನ ಮನೆಗೆ ಹೋದಾಗ ಅವಳು ಹೇಳಿದ್ದು ಒಂದೇ ಮಾತು: "ನೀವು ಜಾಸ್ತಿ ಮಾತಾಡ್ಬೇಡಿ ಹೂವಯ್ಯ, ನನ್ನ ಮೈದುನನ್ನ ಮಾತಾಡೋಕೆ ಬಿಡಿ."