ಬಾಯಿಬಡುಕ ಖಳನಾಯಕ

ಆ ಹಳೇ ಗೂಢಚಾರಿ ಸಿನಿಮಾವನ್ನು ನಂಜರಾಜಯ್ಯ ಹದಿನೇಳನೇ ಸಲ ನೋಡುತ್ತಿದ್ದರು. ಎಂದಿನಂತೆ ಖಳನಾಯಕ ಹೀರೋನನ್ನು ಕುರ್ಚಿಗೆ ಕಟ್ಟಿಹಾಕಿ, ಗುಂಡು ಹೊಡೆಯುವುದು ಬಿಟ್ಟು ತನ್ನ ಸಂಚನ್ನೆಲ್ಲ ವಿವರಿಸತೊಡಗಿದ.

“ಥೂ, ಮುಠ್ಠಾಳ. ಬಾಯಿ ಮುಚ್ಕೊಂಡಿದ್ದಿದ್ರೆ ಗೆದ್ದಿರ್ತಿದ್ದ,” ಎಂದು ರೇಗಿದರು. “ಎಲ್ಲಾ ಹೇಳ್ಕೊಂಡು ಮೆರೀಬೇಕು ಇವನಿಗೆ.”

ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಹೆಂಡತಿ ತಲೆ ಎತ್ತಲಿಲ್ಲ. “ನೀವಾಗಿದ್ರೆ ಬಾಯಿ ಬಿಡ್ತಿರಲಿಲ್ವೇನೋ.”

“ಚಾನ್ಸೇ ಇಲ್ಲ. ನಿಮ್ಮಮ್ಮ ಕೊಟ್ಟಿದ್ದ ಉಪ್ಪಿನಕಾಯಿ ಜಾಡಿ ಒಡೆದಿದ್ದು ನಾನು. ನಮ್ಮಕ್ಕ ಒಡೆದ್ಲು ಅಂತ ನೀನು ಆರು ವರ್ಷದಿಂದ ಅವಳ ಹತ್ರ ಮಾತು ಬಿಟ್ಟಿದ್ದೀಯ. ಇವತ್ತಿನವರೆಗೂ ನಾನೇನಾದ್ರೂ ಬಾಯಿ ಬಿಟ್ಟಿದ್ದೀನಾ?”