ತನ್ನ ಮೇಲೆ ತಾನೇ

ಹರಾಜು ಕೂಗುವವನು "ಎಂಟು ಸಾವಿರ, ಒಂದನೇ ಸಲ" ಎಂದದ್ದೇ ತಡ, ಅವಳು ಮತ್ತೆ ಕೈಯೆತ್ತಿ "ಎಂಟೂವರೆ" ಎಂದಳು. ಮುಚ್ಚಿಹೋದ ಗಾರ್ಮೆಂಟ್ಸ್‌ನ ಹಾಲ್‌ನಲ್ಲಿ ಸಾಲಾಗಿ ನಿಂತಿದ್ದ ಹೊಲಿಗೆ ಮಿಷನ್‌ಗಳಲ್ಲಿ ಅವಳಿಗೆ ಬೇಕಿದ್ದುದು ಒಂದೇ, ಹನ್ನೊಂದು ವರ್ಷ ಅವಳು ಕಾಲರ್ ಹೊಲಿದ ಮಿಷನ್. ಹರಾಜಿಗೆ ಅವಳು ಹೊಸಬಳು. ಸುಮ್ಮನೆ ಕೂತರೆ ಕೈತಪ್ಪಿಹೋಗುತ್ತದೆ ಎಂಬುದಷ್ಟೇ ಗೊತ್ತಿತ್ತು.

ಕೂಗುವವನು ಸುತ್ತಿಗೆ ಕೆಳಗಿಟ್ಟ. "ಅಕ್ಕಾ, ಎಂಟು ಅಂದಿದ್ದೂ ನೀವೇ. ನಿಮ್ಮ ಮೇಲೆ ನೀವೇ ಏರಿಸ್ತಾ ಇದ್ದೀರಲ್ಲ!"

ಕುರ್ಚಿಗಳ ಸಾಲಿನಲ್ಲಿ ನಗು ಹರಿಯಿತು. ಅಷ್ಟು ಹೊತ್ತು ಅವಳಿಗೆ ಪೈಪೋಟಿ ಕೊಟ್ಟಿದ್ದ ಗುಜರಿ ವ್ಯಾಪಾರಿ, "ನಾನು ಏಳೂವರೆಗೇ ಕೈಬಿಟ್ಟೆ ಕಣಮ್ಮ" ಎಂದ. ಅವಳಿಗೆ ನಗು ಬರಲಿಲ್ಲ. ಇದೇ ಹಾಲ್‌ನಲ್ಲಿ ಅವಳು ದಿನಕ್ಕೆ ನಾನೂರು ಕಾಲರ್ ಹೊಲಿದರೆ ಮರುದಿನದಿಂದ ಸೂಪರ್‌ವೈಸರ್ ನಾನೂರನ್ನೇ ಅವಳ ಟಾರ್ಗೆಟ್ ಮಾಡುತ್ತಿದ್ದ. ಎಲ್ಲಿ ಕಡಿಮೆ ಬಿದ್ದು ಬೈಸಿಕೊಳ್ಳಬೇಕಾದೀತೋ ಎಂದು ನಾನೂರಿಪ್ಪತ್ತು ಮುಗಿಸಿದರೆ ಅದೂ ಟಾರ್ಗೆಟ್ ಆಗುತ್ತಿತ್ತು. ಅಕ್ಕಪಕ್ಕದವರು ಯಾರೂ ಅಷ್ಟು ಹೊಲಿಯುತ್ತಿರಲಿಲ್ಲ. ಹನ್ನೊಂದು ವರ್ಷ ಅವಳು ಏದುಸಿರು ಬಿಡುತ್ತ ಮೀರಿಸಲು ಹೊರಟಿದ್ದು ತನ್ನನ್ನೇ. ಎತ್ತಿ ಹಿಡಿದ ತೋಳು ಈಗ ಭುಜದಿಂದ ಬೆರಳಿನವರೆಗೂ ನೋಯುತ್ತಿತ್ತು.

"ಹೋಗ್ಲಿ, ಎಂಟಕ್ಕೇ ಬರ್ಕೋತೀನಿ," ಎಂದು ಕೂಗುವವನು ಸುತ್ತಿಗೆ ಬಡಿದ. "ಮಿಷನ್ ನಿಮ್ಮದೇ. ಸಾಕು ಅಕ್ಕಾ, ಕೈ ಇಳಿಸಿ."

ಅವಳು ಕೈ ಇಳಿಸಿ ಮಡಿಲಲ್ಲಿಟ್ಟುಕೊಂಡಳು. ಆ ಹಾಲ್‌ನಲ್ಲಿ ಒಬ್ಬರಾದರೂ ತನಗೆ 'ಸಾಕು' ಅಂದದ್ದು ಇದೇ ಮೊದಲೆಂದು ಹೊಳೆದು, ಮಿಷನ್ ಸಿಕ್ಕಿತೆಂಬುದನ್ನೂ ಮರೆತು ಅಳತೊಡಗಿದಳು.