ಭಾನುವಾರದ ಕೆರೆ

"ಎದ್ದೇಳಮ್ಮ ಮ್ಯಾಕೆ. ಇಲ್ಲಿ ಕುಂತ್ಕಳಂಗಿಲ್ಲ ಅಂತ ಎಷ್ಟ್ ಸಲ ಯೋಳ್ಬೇಕು?"

ಕಾವಲುಗಾರ ಶಿವರಾಜು ಲಾಠಿಯನ್ನು ಬಂಡೆಗೆ ಕುಟ್ಟಿದ. ರಂಜಿತ ಏಳಲಿಲ್ಲ. ಬುತ್ತಿಯ ಗಂಟು ಬಿಚ್ಚಿ ಅತ್ತೆ ಅಂಕಮ್ಮನ ಮುಂದಿಟ್ಟಳು. ಆಮೇಲೆ ಮಗಳು ಪ್ರಿಯಾಂಕಳ ಬೆನ್ನಿಗೆ ಖಾಲಿ ಎಣ್ಣೆ ಕ್ಯಾನು ಕಟ್ಟತೊಡಗಿದಳು.

"ಸರ್ಕಾರದ ಕೆರೆ. ಮಗಿಗೆ ಈಜು ಕಲ್ಸಕೆ ಬಂದಿವಿ. ನೀರೇನ್ ಸವ್ದೋಗಕಿಲ್ಲ."

"ಇಳಿದ್ರೆ ಕಾಲ್ ಮುರೀತೀನಿ."

"ಮುರೀರಿ. ಆಮ್ಯಾಕೆ ಒತ್ಕಂಡ್ ಓಗೋರೂ ನೀವೇಯಾ."

ಹಲಗೂರಿನಿಂದ ಬಸ್ಸಿನಲ್ಲಿ ಬಂದಿಳಿದು ಕಾಲುದಾರಿ ಹತ್ತಿದರೆ, ಎರಡು ಗುಡ್ಡಗಳ ನಡುವೆ ಈ ಕೆರೆ. ಮೂರು ಕಡೆ ರೆಸಾರ್ಟಿನವರು ತಂತಿಬೇಲಿ ಬಿಗಿದಿದ್ದಾರೆ. ಒಳಗೆ ದೋಣಿ, ಬಣ್ಣದ ಟ್ಯೂಬು, ಛತ್ರಿಯಡಿ ಕುರ್ಚಿ. ಎಲ್ಲಕ್ಕೂ ಟಿಕೆಟ್ಟು. ನಾಲ್ಕನೆಯ ಕಡೆ ಬರೀ ಬಂಡೆ, ಅಲ್ಲಿ ಗೂಟ ಇಳಿಯಲಿಲ್ಲ. ಅದಕ್ಕೇ ಬೋರ್ಡೊಂದನ್ನು ನಿಲ್ಲಿಸಿ ಅದೂ ತಮ್ಮದೇ ಅಂದುಬಿಟ್ಟರು. ಬೋರ್ಡು ನಿಲ್ಲಿಸುವುದೇ ಸಾಕಾದರೆ ಚಂದ್ರನನ್ನೂ ಕೊಳ್ಳಬೇಕಾಗಿಲ್ಲ.

ಬೇಸಿಗೆ ರಜೆಯುದ್ದಕ್ಕೂ ಪ್ರತಿ ಭಾನುವಾರ ಇದೇ ರಾಮಾಯಣ. ಪ್ರಿಯಾಂಕಳ ಕಾಲು ಒದ್ದೆಯಾಗುವಷ್ಟರಲ್ಲಿ ವಾಪಸ್ಸು. ನಾಳೆ ಶಾಲೆ ಶುರು. ರಜಕ್ಕೆ ಎಲ್ಲಿಗೆ ಹೋಗಿದ್ದಿರಿ ಎಂದು ಮಿಸ್ಸು ಕೇಳುತ್ತಾರೆ, ಉಳಿದ ಮಕ್ಕಳು ಊಟಿ, ಗೋವಾ ಎನ್ನುತ್ತಾರೆ. ಇವಳಿಗೆ ಹೇಳಿಕೊಳ್ಳಲು ಒಂದು ಕೆರೆಯಾದರೂ ಬೇಡವೇ? ಇವತ್ತು ಮಗಳು ಈಜಿಯೇ ತೀರಬೇಕು ಎಂದು ರಂಜಿತ ಹಟ ಹಿಡಿದು ಬಂದಿದ್ದಳು. ನೀರಿಗೆ ಬೇಲಿ ಹಾಕುವವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಯಾರಿಗೆ ಉರಿಯುವುದಿಲ್ಲ?

ಶಿವರಾಜುವಿಗೂ ಇಕ್ಕಟ್ಟು. ಬೆಳಿಗ್ಗೆಯೇ ಮ್ಯಾನೇಜರ್ ಸ್ವರೂಪ್ ಕರೆದು ಹೇಳಿದ್ದ: ಇನ್ನೊಂದು ಸಲ ಹೊರಗಿನವರು ನೀರಿಗಿಳಿದರೆ ಯೂನಿಫಾರಂ ಬಿಚ್ಚಿಟ್ಟು ಮನೆಗೆ ಹೋಗು.

"ಬ್ಯಾರೆ ಕೆರೆ ಇಲ್ವಾ ನಿಮ್ಗೆ?" ಎಂದ ಶಿವರಾಜು.

"ಬೇಕಾದಂಗವೆ," ಎಂದಳು ಅಂಕಮ್ಮ. "ಅಲ್ಲೇನದೆ ಮಣ್ಣು? ನೀನ್ ಬಾಯ್ ಮಾಡಿದ್ ಸಾಕು. ಮುದ್ದೆ ಉಪ್ಸಾರು ತಂದಿವ್ನಿ, ಒಂದ್ ತುತ್ತು ಉಣ್ಣು. ಆಮೇಲ್ ಒಡ್ದಾಡೀಯಂತೆ."

ಅವನು ಎಂಜಲು ನುಂಗಿ ಮುಖ ತಿರುಗಿಸಿದ. ಎದುರಿಗೇ ಕಂಬದ ಮೇಲೆ ಕ್ಯಾಮೆರಾ. ಅದಕ್ಕೆ ಕಣ್ಣಿದೆ, ಕಿವಿಯಿಲ್ಲ. ಶಿವರಾಜು ಲಾಠಿಯನ್ನು ಅದಕ್ಕೆ ಕಾಣುವಂತೆ ಮೇಲೆತ್ತಿದ. ದನಿ ಮಾತ್ರ ತಗ್ಗಿತ್ತು.

"ಆ ಬಂಡೆ ದಾಟ್ಬೇಡಿ. ಅಲ್ಲಿಂದಾಚೆ ಆಳ."

ಅಷ್ಟರಲ್ಲಿ ಪ್ರಿಯಾಂಕ ನೀರಿನಲ್ಲಿದ್ದಳು. ಮೊದಲು ಮುಳುಗಿದಳು, ಕೆಮ್ಮಿದಳು, ಕ್ಯಾನು ಅವಳನ್ನು ಮೇಲೆತ್ತಿತು. ಕೈಕಾಲು ಬಡಿದಳು. ಒಂದು ಮಾರು ದೂರ ಸಾಗಿಯೂ ಬಿಟ್ಟಳು. ಅವಳ ನಗು ಎದುರು ಗುಡ್ಡಕ್ಕೆ ಬಡಿದು ವಾಪಸ್ಸು ಬಂತು, ರಂಜಿತಳಿಗೆ ಸಂತೋಷಕ್ಕೆ ಕಣ್ಣು ತುಂಬಿತು.

ಗೇಟು ತೆರೆದ ಸದ್ದಾಯಿತು. ಬಿಳಿ ಶೂಗೆ ಕೆಸರು ತಾಗದಂತೆ ಕಾಲಿಡುತ್ತ ಸ್ವರೂಪ್ ಬಂದ.

"ಏನ್ ಶಿವರಾಜು, ನಿಂತ್ಕೊಂಡು ನೋಡ್ತಿದೀಯಾ? ಎಳೆದು ಹೊರಗೆ ಹಾಕು."

ರಂಜಿತ ನೀರಿಗೆ ಅಡ್ಡವಾಗಿ ನಿಂತಳು. "ಅದೆಂಗ್ ಎಳೀತೀರೋ ಎಳೀರಿ."

"ಗಂಡಸರು ಯಾರೂ ಬಂದಿಲ್ವಾ ನಿಮ್ ಜೊತೆ? ಅವರ ಹತ್ರಾನೇ ಮಾತಾಡ್ತೀನಿ."

"ಅವ್ರಿಗೆ ಭಾನುವಾರ ರಜ ಕೊಡಕಿಲ್ವಂತೆ," ಎಂದಳು ರಂಜಿತ, ಅವನ ಕಣ್ಣನ್ನೇ ದಿಟ್ಟಿಸಿ. "ಕೊಡ್ದಿರೋರಿಗೆ ನಾಚ್ಕೆ ಆಗ್ಬೇಕು."

ಶಿವರಾಜು ಕೆಮ್ಮಿದ. ಅಂಕಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹೆಂಗಸಿನ ಬಾಯಿಗೆ ಸಿಕ್ಕಿ ಗೆಲ್ಲಲಾಗದೆಂದು ತಿಳಿದ ಸ್ವರೂಪ್ ಸುಲಭದವರನ್ನು ಹುಡುಕಿದ. ನೀರಿನಲ್ಲಿ ಎದೆಮಟ್ಟ ನಿಂತಿದ್ದ ಮಗುವಿನತ್ತ ಬೆರಳು ತೋರಿಸಿದ.

"ಏಯ್ ಹುಡುಗಿ, ಬಾ ಮೇಲಕ್ಕೆ. ಇದೇನು ನಿಮ್ಮಪ್ಪನ ಕೆರೆ ಅನ್ಕೊಂಡ್ಯಾ?"

ಪ್ರಿಯಾಂಕಳ ನಗು ನಿಂತುಹೋಯಿತು. ಅವಳು ತಾಯಿಯ ಕಡೆ ನೋಡಲಿಲ್ಲ, ಕಾವಲುಗಾರನ ಕಡೆ ನೋಡಿದಳು.

ಶಿವರಾಜು ಲಾಠಿ ಕೆಳಗಿಟ್ಟ. ಬೂಟು ಕಳಚಿದ. ಟೋಪಿ ತೆಗೆದು ಸ್ವರೂಪನ ಕೈಗೇ ಕೊಟ್ಟು, ಯೂನಿಫಾರಮ್ಮಿನಲ್ಲೇ ನೀರಿಗಿಳಿದ. ಇನ್ನೇನು ಎತ್ತಿ ದಡಕ್ಕೆ ಹಾಕುತ್ತಾನೆ ಎಂದು ಸ್ವರೂಪ್ ತಲೆಯಾಡಿಸಿದ. ಶಿವರಾಜು ಹುಡುಗಿಯ ಹೊಟ್ಟೆಯ ಕೆಳಗೆ ಅಂಗೈ ಕೊಟ್ಟು ಅವಳನ್ನು ನೀರಿನ ಮೇಲೆ ಮಲಗಿಸಿದ. "ಕಾಲ್ ಬಡಿ," ಎಂದ ಮೆಲ್ಲಗೆ. ಆಮೇಲೆ ದಡದ ಕಡೆ ತಿರುಗಿದ.

"ಕೆರೆ ನಂದಲ್ಲ ಸಾ. ಮಗು ನಂದು."